ಹಲ್ಟ್ ಪ್ರೈಜ್‌ಗೆ ಹೊರಟ ವಿದ್ಯಾರ್ಥಿ ತಂಡಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಇದೂ ಹ್ಯಾಕಥಾನ್ ಥರದ ಸ್ಪರ್ಧೆಯೇ?

ಅಲ್ಲ. ಹ್ಯಾಕಥಾನ್‌ನಲ್ಲಿ ಒಂದೆರಡು ದಿನ ನಿದ್ದೆಗೆಟ್ಟು, ಓಡುವ ಒಂದು ಮಾದರಿ ತೋರಿಸಿದರೆ ಕೆಲಸ ಮುಗಿಯುತ್ತದೆ. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ನಲ್ಲಂತೂ ಸಮಸ್ಯೆಯನ್ನೂ ಸಚಿವಾಲಯ, ಇಲಾಖೆಗಳೇ ಬರೆದುಕೊಡುತ್ತವೆ. ಹಲ್ಟ್ ಪ್ರೈಜ್ ಜಗತ್ತಿನ ಕಾಲೇಜು ವಿದ್ಯಾರ್ಥಿ ತಂಡಗಳ ಸ್ಪರ್ಧೆ, ಅದು ಕೇಳುವುದು ವ್ಯವಹಾರವನ್ನು. ಸಮಾಜದ ಒಂದು ತೊಂದರೆಯನ್ನು ತಗ್ಗಿಸಬೇಕು, ದೇಣಿಗೆಗೆ ಕೈಯೊಡ್ಡದೆ ತನ್ನ ಗಳಿಕೆಯಿಂದಲೇ ನಡೆಯಬೇಕು. 2009ರಲ್ಲಿ ಹಲ್ಟ್ ಇಂಟರ್‌ನ್ಯಾಷನಲ್ ಬಿಸಿನೆಸ್ ಸ್ಕೂಲ್‌ನ ವಿದ್ಯಾರ್ಥಿಯಾಗಿದ್ದ ಅಹ್ಮದ್ ಅಶ್ಕರ್ ಇದನ್ನು ಶುರು ಮಾಡಿದರು. ಅಂತಿಮ ಸುತ್ತಿನ ಬಹುಮಾನ 10 ಲಕ್ಷ ಡಾಲರ್ ಎಂದೇ ಇದು ಹೆಸರಾದದ್ದು.

ವಿಷಯವನ್ನು ಅವರೇ ಕೊಡುತ್ತಾರೋ, ನಾವೇ ಆರಿಸಬೇಕೋ?

ಮೊದಲೆಲ್ಲ ವರ್ಷಕ್ಕೊಂದು ವಿಷಯ ಇರುತ್ತಿತ್ತು. 2013ರಲ್ಲಿ ಆಹಾರ ಭದ್ರತೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ ಕೀಟಗಳನ್ನು ಸಾಕಿ ಪ್ರೋಟೀನ್ ಕೊಡುವ ಯೋಜನೆಯೊಂದಿಗೆ ಗೆದ್ದಿತು. 2014ರಲ್ಲಿ ಕೊಳೆಗೇರಿಗಳ ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ದೀರ್ಘಕಾಲದ ರೋಗಗಳು. ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ನ್ಯಾನೊಹೆಲ್ತ್ ತಂಡಕ್ಕೆ ಬಹುಮಾನ ಬಂತು. ಬಡಾವಣೆಯವರನ್ನೇ ತರಬೇತುಗೊಳಿಸಿ, ತಪಾಸಣೆಯ ಚೀಲದೊಂದಿಗೆ ಮನೆಮನೆಗೆ ಕಳಿಸುವುದು ಅವರ ದಾರಿ. 2018ರಲ್ಲಿ ಇಂಧನ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಭತ್ತ ಒಣಗಿಸುವ ವ್ಯವಸ್ಥೆಯೊಂದಿಗೆ ಗೆದ್ದರು. 2023ರಲ್ಲಿ ಫ್ಯಾಷನ್, ಬಾಳೆದಿಂಡಿನ ತ್ಯಾಜ್ಯದಿಂದ ಚರ್ಮದಂಥ ವಸ್ತು ಮಾಡುವ ಯೇಲ್‌ನ ಬನೋಫಿ ಗೆದ್ದಿತು. 2024ರಿಂದ ವಿಷಯ ಮುಕ್ತವಾಗಿದೆ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಯಾವುದಕ್ಕಾದರೂ ನಂಟಿದ್ದರೆ ಸಾಕು.

ಮುಕ್ತ ಅಂದ ಕೂಡಲೇ ಸ್ಲೈಡಿನ ಮೂಲೆಯಲ್ಲಿ ಎಂಟು ಗುರಿಗಳ ಬಣ್ಣದ ಚೌಕ ಅಂಟಿಸುವವರಿದ್ದಾರೆ. ಅದರಿಂದ ತೀರ್ಪುಗಾರರಿಗೆ ಗೊತ್ತಾಗುವುದು ಒಂದೇ: ತಂಡ ಇನ್ನೂ ಏನನ್ನೂ ನಿರ್ಧರಿಸಿಲ್ಲ. ಒಂದು ಗುರಿ ಹಿಡಿಯಿರಿ, ಅದರೊಳಗಿನ ಉಪಗುರಿಯ ಸಂಖ್ಯೆಯನ್ನೂ ಹೇಳಿ. ಕೊಯ್ಲಿನ ನಂತರ ಹಾಳಾಗುವ ಬೆಳೆ ನಿಮ್ಮ ವಿಷಯವಾದರೆ ಅದು 12.3.

ಸುತ್ತುಗಳು ಎಷ್ಟು?

ಮೊದಲು ಕಾಲೇಜು ಸುತ್ತು. ಇದನ್ನು ನಡೆಸುವುದು ಅದೇ ಕಾಲೇಜಿನ ಒಬ್ಬ ವಿದ್ಯಾರ್ಥಿ. ಕ್ಯಾಂಪಸ್ ಡೈರೆಕ್ಟರ್ ಅನ್ನುತ್ತಾರೆ. ಅಲ್ಲಿ ಗೆದ್ದವರು ದೇಶ ಅಥವಾ ಪ್ರಾದೇಶಿಕ ಮಟ್ಟಕ್ಕೆ, ಅಲ್ಲಿಂದ ಆಯ್ದ ತಂಡಗಳು ಕೆಲವು ವಾರಗಳ ತರಬೇತಿ ಶಿಬಿರಕ್ಕೆ, ಕೊನೆಗೆ ಜಾಗತಿಕ ಅಂತಿಮ ಸುತ್ತಿಗೆ. ತಂಡದ ಗಾತ್ರ, ವಯಸ್ಸು, ಹಳೆಯ ವಿದ್ಯಾರ್ಥಿಗಳಿಗೆ ಅವಕಾಶ, ಪ್ರಯಾಣದ ಖರ್ಚು ಯಾರದು – ಇವೆಲ್ಲ ವರ್ಷವರ್ಷಕ್ಕೂ ಬದಲಾಗುವ ಸಂಗತಿಗಳು. ಸೀನಿಯರ್ ಹೇಳಿದ್ದನ್ನು ನಂಬಿ ಕೂರಬೇಡಿ, ಆ ವರ್ಷದ ನಿಯಮಾವಳಿ ಓದಿ. ವಿದೇಶಕ್ಕೆ ಹೋಗುವ ಆಸೆಯಿದ್ದರೆ ಪಾಸ್‌ಪೋರ್ಟ್‌ಗೆ ಇವತ್ತೇ ಅರ್ಜಿ ಹಾಕಿ. ಆಯ್ಕೆಯ ಪತ್ರಕ್ಕೂ ವಿಮಾನಕ್ಕೂ ನಡುವಿನ ದಿನಗಳು ವೀಸಾ ಒಂದಕ್ಕೇ ಸಾಲುವುದು ಕಷ್ಟ.

ತಂಡದಲ್ಲಿ ಯಾರಿರಬೇಕು?

ನಾಲ್ವರೂ ಒಂದೇ ಹಾಸ್ಟೆಲಿನ ಕಂಪ್ಯೂಟರ್ ಸೈನ್ಸ್‌ನವರಾದರೆ ಎಲ್ಲ ಸಮಸ್ಯೆಗೂ ಉತ್ತರ ಒಂದು ಆ್ಯಪ್ ಆಗಿಬಿಡುತ್ತದೆ. ವಿಷಯ ಕೃಷಿಯದಾದರೆ ಕೃಷಿ ವಿಶ್ವವಿದ್ಯಾಲಯದ ಒಬ್ಬರು, ಲೆಕ್ಕಕ್ಕೆ ಬಿ.ಕಾಂ. ಅಥವಾ ಎಂಬಿಎಯವರು, ವಸ್ತು ಮಾಡಲು ಕೈಬಳಕೆ ಇರುವ ಇಂಜಿನಿಯರಿಂಗ್‌ನವರು, ಜನರ ಹತ್ತಿರ ಸಲೀಸಾಗಿ ಮಾತಾಡುವ ಒಬ್ಬರು ಬೇಕು. ಹಲವು ತಂಡಗಳಲ್ಲಿ ಸಿಗದವರು ಈ ಕೊನೆಯವರೇ. ಬೇರೆ ಕಾಲೇಜಿನವರನ್ನು ಸೇರಿಸಿಕೊಳ್ಳಬಹುದೇ ಎಂದು ನಿಯಮದಲ್ಲಿ ನೋಡಿಕೊಳ್ಳಿ.

ಊರಿಗೆ ಹೋಗಿ ಸರ್ವೆ ಮಾಡಿದೆವು, ಶೇ 92 ಜನ ‘ಕೊಳ್ಳುತ್ತೇವೆ’ ಅಂದರು. ಸಾಕಲ್ಲವೇ?

ಅದರಿಂದ ಏನೂ ತಿಳಿಯುವುದಿಲ್ಲ. ಕಾಲೇಜು ಹುಡುಗರು ಬಿಸಿಲಲ್ಲಿ ನಿಂತು ಕೇಳಿದರೆ ನಮ್ಮ ಜನ ಇಲ್ಲ ಅನ್ನುವುದಿಲ್ಲ; ಕಾಫಿಯನ್ನೂ ಕೊಟ್ಟು ಕಳಿಸುತ್ತಾರೆ. ‘ಕೊಳ್ಳುತ್ತೀರಾ’ ಎಂಬುದೇ ತಪ್ಪು ಪ್ರಶ್ನೆ. ಆಗಿಹೋದದ್ದನ್ನು ಕೇಳಿ. ಹೋದ ಸಲ ಬೆಲೆ ಬಿದ್ದಾಗ ಎಷ್ಟು ಬಾಕ್ಸ್ ಟೊಮೆಟೊ ಹೊಲದಲ್ಲೇ ಬಿಟ್ಟಿರಿ? ಬಿಡಿಸುವ ಕೂಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು? ಬೇರೆ ಏನಾದರೂ ಮಾಡಿ ನೋಡಿದಿರಾ? ಅದಕ್ಕೆ ಎಷ್ಟು ಖರ್ಚಾಯಿತು, ಯಾಕೆ ಬಿಟ್ಟಿರಿ?

ಇಂಥ ಪ್ರಶ್ನೆಗಳನ್ನು 25-30 ಮಂದಿಗೆ ಕೇಳುವಷ್ಟರಲ್ಲಿ, ಕೋಣೆಯಲ್ಲಿ ಕೂತು ಊಹಿಸಲಾಗದ ಸಂಗತಿಗಳು ಹೊರಬರುತ್ತವೆ. ಉದಾಹರಣೆಗೆ, ಮಂಡಿಯವರ ಹತ್ತಿರ ಮುಂಗಡ ತಂದ ರೈತ ನೀವು ಬಾಕ್ಸಿಗೆ 20 ರೂ. ಹೆಚ್ಚು ಕೊಟ್ಟರೂ ಮಾಲು ನಿಮಗೆ ಹಾಕಲಾರ. ನಿಮ್ಮ ಎದುರಾಳಿ ಬೇರೊಂದು ಸ್ಟಾರ್ಟಪ್ ಅಲ್ಲ, ಆ ಮುಂಗಡ. ‘ನಮಗೆ ಸ್ಪರ್ಧಿಗಳೇ ಇಲ್ಲ’ ಎಂದು ಸ್ಲೈಡಿನಲ್ಲಿ ಬರೆಯುವ ತಂಡ ಇದನ್ನು ಕಂಡಿರುವುದಿಲ್ಲ.

ಗಿರಾಕಿ ಕೊಡಬಲ್ಲ ಹಣದ ಮೊತ್ತದಷ್ಟೇ ಅದನ್ನು ಕೊಡುವ ರೀತಿಯನ್ನೂ ವಿಚಾರಿಸಿ. 1995ರಲ್ಲಿ ಶುರುವಾದ ಬೆಂಗಳೂರಿನ ಸೆಲ್ಕೊ ಕಂಪನಿ ಸೌರದೀಪವನ್ನು ಬಡವರ ಮನೆಗೆ ಮುಟ್ಟಿಸಿದ್ದರಲ್ಲಿ ದೀಪದಷ್ಟೇ ಪಾಲು ಬ್ಯಾಂಕ್ ಸಾಲದ ಕಂತಿನದು. ದಿನಕ್ಕೆ 10 ರೂ. ಕೊಡಬಲ್ಲ ತಳ್ಳುಗಾಡಿಯವರಿಗೆ ತಿಂಗಳಿಗೆ ಒಂದೇ ಸಲ 300 ರೂ. ಕಷ್ಟ. ಲೆಕ್ಕದಲ್ಲಿ ಎರಡೂ ಒಂದೇ, ಜೇಬಿನಲ್ಲಿ ಒಂದಲ್ಲ.

ಕಾಲೇಜು ಸುತ್ತಿಗೇ ಇಷ್ಟೆಲ್ಲ ಲೆಕ್ಕ ಬೇಕೇ? ಐಡಿಯಾ ಚೆನ್ನಾಗಿದ್ದರೆ ಸಾಲದೇ?

ಸಾಲದು. ಐದು ವರ್ಷದ ಆದಾಯದ ಏರುಗೆರೆ ಮಾತ್ರ ಬೇಡ, ಅದನ್ನು ಯಾರೂ ನಂಬುವುದಿಲ್ಲ. ಬೇಕಾದ್ದು ಒಂದು ಘಟಕದ ಲೆಕ್ಕ. ಒಂದು ಬಾಕ್ಸ್, ಒಂದು ಕಿಲೋ, ಒಬ್ಬ ಗಿರಾಕಿ – ಯಾವುದಾದರೂ ಒಂದಕ್ಕೆ ಎಷ್ಟು ಖರ್ಚಾಗುತ್ತದೆ, ಎಷ್ಟು ಬರುತ್ತದೆ.

ಕೋಲಾರದ ಟೊಮೆಟೊವನ್ನು ಸೌರ ಡ್ರೈಯರ್‌ನಲ್ಲಿ ಒಣಗಿಸಿ ಮಾರುವ ಯೋಜನೆ ಎಂದಿಟ್ಟುಕೊಳ್ಳಿ. ಕೆಳಗಿನ ಬೆಲೆಗಳು ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡವು, ನಿಮ್ಮವನ್ನು ನೀವೇ ಹಾಕಿಕೊಳ್ಳಿ.

15 ಕಿಲೋದ ಒಂದು ಬಾಕ್ಸಿಗೆ 150 ರೂ. ಕೊಟ್ಟು ತಂದಿರಿ. ಕೊಳೆತದ್ದು, ಒಡೆದದ್ದು ಶೇ 10 ಹೋದರೆ ಉಳಿಯುವುದು 13.5 ಕಿಲೋ. ಟೊಮೆಟೊದಲ್ಲಿ ಸುಮಾರು ಶೇ 94 ನೀರು. ಗಟ್ಟಿ ಪದಾರ್ಥ 0.81 ಕಿಲೋ. ಒಣಗಿದ ಮಾಲಿನಲ್ಲಿ ಶೇ 10 ತೇವ ಉಳಿಸಿಕೊಂಡರೆ ಕೈಗೆ ಬರುವುದು 0.9 ಕಿಲೋ. ‘15 ಕಿಲೋದಿಂದ 3 ಕಿಲೋ’ ಎಂದು ಬರೆದು ತರುವವರಿದ್ದಾರೆ. ತೀರ್ಪುಗಾರರಲ್ಲಿ ಆಹಾರ ತಂತ್ರಜ್ಞಾನ ಬಲ್ಲವರು ಒಬ್ಬರಿದ್ದರೂ ಆಟ ಅಲ್ಲಿಗೆ ಮುಗಿಯಿತು.

ಇನ್ನು ಖರ್ಚು. ದಿನಕ್ಕೆ 400 ರೂ. ಕೂಲಿಯಲ್ಲಿ ಒಬ್ಬರು ನಾಲ್ಕು ಬಾಕ್ಸ್ ತೊಳೆದು, ಹೆಚ್ಚಿ, ತಟ್ಟೆಗೆ ಹರಡಿದರೆ ಬಾಕ್ಸಿಗೆ 100. ಪ್ಯಾಕಿಂಗ್ 30, ಸಾಗಣೆ 30, ಆಹಾರ ಸುರಕ್ಷತೆಯ ನೋಂದಣಿ ಮತ್ತು ಲ್ಯಾಬ್ ಪರೀಕ್ಷೆಯ ಪಾಲು 20. ಎಲ್ಲರೂ ಎಡವುವುದು ಡ್ರೈಯರ್‌ನ ಸವಕಳಿಯಲ್ಲಿ, ಅಂದರೆ ಅದರ ಬೆಲೆಯನ್ನು ಬಾಳಿಕೆಯುದ್ದಕ್ಕೂ ಹಂಚಿದಾಗ ಬಾಕ್ಸಿಗೆ ಬೀಳುವ ಪಾಲಿನಲ್ಲಿ. 60,000 ರೂ.ಗಳ ಡ್ರೈಯರ್, ಐದು ವರ್ಷ ಬಾಳಿಕೆ, ಒಂದು ಬ್ಯಾಚಿಗೆ ನಾಲ್ಕು ಬಾಕ್ಸ್. ‘ವರ್ಷಕ್ಕೆ 300 ದಿನ, ದಿನಕ್ಕೊಂದು ಬ್ಯಾಚ್’ ಎಂದು ಹಿಡಿದರೆ 6,000 ಬಾಕ್ಸ್, ಬಾಕ್ಸಿಗೆ ಬರೀ 10 ರೂ. ಆದರೆ ಒಂದು ಬ್ಯಾಚ್ ಒಣಗಲು ಕನಿಷ್ಠ ಎರಡು ದಿನ ಬೇಕು, ಒಳ್ಳೆಯ ಬಿಸಿಲಿನ ದಿನ ಸಿಗುವುದು 150 ಅನ್ನೋಣ. ಆಗ ವರ್ಷಕ್ಕೆ 75 ಬ್ಯಾಚ್, 300 ಬಾಕ್ಸ್. ಐದು ವರ್ಷಕ್ಕೆ 1,500. ಬಾಕ್ಸಿಗೆ 40 ರೂ.

ಒಟ್ಟು 370. ಒಣ ಟೊಮೆಟೊ ಕಿಲೋಗೆ 500ರಂತೆ ಮಾರಿದರೆ 0.9 ಕಿಲೋಗೆ 450. ಉಳಿತಾಯ 80 ರೂ. ಒಂದು ಡ್ರೈಯರ್‌ನಿಂದ ವರ್ಷಕ್ಕೆ 24,000.

ಈಗ ಇದೇ ಲೆಕ್ಕವನ್ನು ತಿರುಗಿಸಿ. 450ರಲ್ಲಿ ಹಣ್ಣಿನ ಬೆಲೆ ಬಿಟ್ಟು ಉಳಿದ ಖರ್ಚು 220 ಕಳೆದರೆ 230. ಬಾಕ್ಸಿನ ಬೆಲೆ 230 ದಾಟಿದ ದಿನ ನಿಮ್ಮ ಅಂಗಡಿ ಬಂದ್. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸ್ 2,000 ರೂ. ದಾಟಿತ್ತು. ಅಂಥ ತಿಂಗಳಲ್ಲಿ ಏನು ಮಾಡುತ್ತೀರಿ? ಕರಿಬೇವು, ನುಗ್ಗೆಸೊಪ್ಪು, ಮಾವು ಒಣಗಿಸುತ್ತೀರೋ, ಡ್ರೈಯರ್ ಬಾಡಿಗೆಗೆ ಕೊಡುತ್ತೀರೋ? ಉತ್ತರ ಯಾವುದಾದರೂ ಇರಲಿ, ಪ್ರಶ್ನೆ ಬರುವ ಮೊದಲೇ ನಿಮ್ಮ ಬಾಯಿಂದ ಬರಲಿ.

ಲಾಭ ಬರುತ್ತದೆ ಎಂದು ತೋರಿಸಿದೆವು. ಆದರೂ ‘ನಗದು ಹೇಗೆ’ ಎಂದು ಕೇಳಿದರು. ಯಾಕೆ?

ಹೋಟೆಲಿನವರು, ಮಸಾಲೆ ಪುಡಿ ಮಾಡುವವರು ಸಾಮಾನ್ಯವಾಗಿ ಉದ್ರಿ ಕೇಳುತ್ತಾರೆ. ರೈತ, ಕೂಲಿ, ಗಾಡಿ – ಈ ಮೂವರಿಗೂ ಅಂದಂದೇ ಕೊಡಬೇಕು. ಸವಕಳಿ ಬಿಟ್ಟರೆ ಬಾಕ್ಸಿಗೆ ಕೈಯಿಂದ ಹೋಗುವುದು 330, ನಾಲ್ಕು ಬಾಕ್ಸಿನ ಬ್ಯಾಚಿಗೆ 1,320. 45 ದಿನ ಬಿಸಿಲಿದ್ದು 22 ಬ್ಯಾಚ್ ಮಾಡಿದಿರಿ, ಹಣ 45 ದಿನದ ಮೇಲೆ ಬಂತು ಅಂದರೆ ಒಂದೇ ಡ್ರೈಯರ್‌ಗೆ ಸುಮಾರು 29,000 ರೂ. ಹೊರಗೆ ಸಿಕ್ಕಿಕೊಂಡಿರುತ್ತದೆ. ಹತ್ತು ಡ್ರೈಯರ್ ಆದರೆ 2.9 ಲಕ್ಷ. ಲಾಭದಲ್ಲಿರುವ ವ್ಯಾಪಾರ ಮುಗ್ಗರಿಸುವುದು ಹೀಗೆ. ಬಹುಮಾನದ ಹಣ ಎಲ್ಲಿಗೆ ಎಂಬ ಸ್ಲೈಡಿನಲ್ಲಿ ‘ಮಾರ್ಕೆಟಿಂಗ್’ ಎಂದು ದೊಡ್ಡ ಪಾಲು ಬರೆಯುವ ಬದಲು ದುಡಿಯುವ ಬಂಡವಾಳ ಎಂದು ಇದನ್ನು ಬರೆದರೆ, ನಿಮಗೆ ವ್ಯಾಪಾರ ಗೊತ್ತಿದೆ ಎಂದು ಕಾಣುತ್ತದೆ.

ಸಾಮಾಜಿಕ ಪರಿಣಾಮವನ್ನು ಹೇಗೆ ಅಳೆಯುವುದು?

‘ಎಷ್ಟು ಜನರನ್ನು ತಲುಪಿದೆವು’ ಎಂಬುದು ಅಳತೆಯಲ್ಲ. ನೀವು ಇಲ್ಲದಿದ್ದರೆ ಅವರಿಗೆ ಎಷ್ಟು ಸಿಗುತ್ತಿತ್ತು, ಈಗ ಎಷ್ಟು ಸಿಕ್ಕಿತು, ವ್ಯತ್ಯಾಸವೇ ಪರಿಣಾಮ.

ಮೇಲಿನ ಉದಾಹರಣೆಯನ್ನೇ ಹಿಡಿಯಿರಿ. ಬೆಲೆ ಬಿದ್ದಾಗ ರೈತನಿಗೆ ಮಾರುಕಟ್ಟೆಯಲ್ಲಿ ಬಾಕ್ಸಿಗೆ 60 ಸಿಗುತ್ತಿತ್ತು, ನೀವು 150 ಕೊಟ್ಟಿರಿ. ವ್ಯತ್ಯಾಸ 90. ವರ್ಷದ 300 ಬಾಕ್ಸಿಗೆ 27,000. 30 ರೈತರು ತಲಾ 10 ಬಾಕ್ಸ್ ಹಾಕಿದ್ದರೆ ಒಬ್ಬರಿಗೆ ವರ್ಷಕ್ಕೆ 900 ರೂ. ‘30 ರೈತ ಕುಟುಂಬಗಳ ಬದುಕು ಬದಲಾಯಿತು’ ಎಂದು ಬರೆದರೆ ನಗೆಪಾಟಲು. ಅದೇ ಲೆಕ್ಕದಲ್ಲಿ ಹೆಚ್ಚುವ ಕೆಲಸ ಮಾಡಿದ ಹೆಣ್ಣುಮಗಳಿಗೆ 75 ಬ್ಯಾಚಿನ ಕೂಲಿ 400ರಂತೆ 30,000 ಸಿಕ್ಕಿದೆ. ಅಂದರೆ ನಿಮ್ಮ ಯೋಜನೆಯ ನಿಜವಾದ ಫಲಾನುಭವಿ ರೈತನಲ್ಲ, ಹಳ್ಳಿಯಲ್ಲೇ ಕೂಲಿ ಸಿಕ್ಕ ಆ ಹೆಂಗಸು. ಆದರೆ ಆಕೆಗೆ ಆ 75 ದಿನ ಬೇರೆ ಕಡೆ ಕೂಲಿ ಸಿಗುತ್ತಿತ್ತೇ ಎಂದು ಕೇಳದೆ 30,000ವನ್ನೂ ನಿಮ್ಮ ಖಾತೆಗೆ ಬರೆದುಕೊಳ್ಳುವಂತಿಲ್ಲ. ಲೆಕ್ಕ ಹಾಕಿದ ಮೇಲೆ ಕಥಾನಾಯಕರೇ ಬದಲಾಗುವುದುಂಟು. ಬದಲಾಗಲಿ ಬಿಡಿ, ಸ್ಲೈಡುಗಳನ್ನೂ ಬದಲಿಸಿ.

ಶುರು ಮಾಡುವ ಮೊದಲಿನ ಅಂಕಿ ಬರೆದಿಟ್ಟುಕೊಳ್ಳದಿರುವುದು ತೀರಾ ಸಾಮಾನ್ಯವಾದ ತಪ್ಪು. ಆರು ತಿಂಗಳ ನಂತರ ‘ಆಗ ಎಷ್ಟು ಬರುತ್ತಿತ್ತು’ ಎಂದು ಕೇಳಿದರೆ ನಿಮ್ಮನ್ನು ಮೆಚ್ಚಿಸುವ ಉತ್ತರವೇ ಬರುತ್ತದೆ.

ಪೈಲಟ್ (ಮೊದಲ ಪ್ರಯೋಗ) ಎಷ್ಟು ದೊಡ್ಡದಿರಬೇಕು?

ಚಿಕ್ಕದೇ ಇರಲಿ, ಆದರೆ ಹಣ ಕೈ ಬದಲಾಗಿರಬೇಕು. ಪುಕ್ಕಟೆ ಸ್ಯಾಂಪಲ್ ಹಂಚಿ ‘200 ಗ್ರಾಹಕರು’ ಎನ್ನುವುದಕ್ಕಿಂತ ಮೂವರು ಹೋಟೆಲಿನವರಿಗೆ ಎರಡೆರಡು ಕಿಲೋ ಮಾರಿದ ಬಿಲ್ಲು ತೂಕದ್ದು. ಅವರಲ್ಲಿ ಒಬ್ಬರು ಎರಡನೇ ಸಲ ತರಿಸಿಕೊಂಡಿದ್ದರೆ ಅದನ್ನೇ ಮೊದಲ ನಿಮಿಷದಲ್ಲಿ ಹೇಳಿ. ಬೇಡ ಅಂದವರು ಯಾಕೆ ಬೇಡ ಅಂದರು ಎಂಬುದನ್ನೂ ಬರೆದಿಡಿ, ಪ್ರಶ್ನೋತ್ತರದಲ್ಲಿ ಬೇಕಾಗುತ್ತದೆ.

ಪೈಲಟ್‌ನಲ್ಲಿ ಕೆಡುವುದು ಲ್ಯಾಬಿನಲ್ಲಿ ಕಾಣದ ಕಡೆ. ಡ್ರೈಯರ್‌ನ ಶಾಖ ಮೊದಲ ಗಂಟೆಗಳಲ್ಲೇ ವಿಪರೀತ ಏರಿದರೆ ಹೋಳಿನ ಮೇಲ್ಮೈ ಗಟ್ಟಿಯಾಗಿ ಒಳಗಿನ ತೇವ ಹೊರಬರುವುದಿಲ್ಲ, ವಾರದೊಳಗೆ ಬೂಷ್ಟು. ರಾತ್ರಿ ತಟ್ಟೆ ಮುಚ್ಚದಿದ್ದರೆ ಹಗಲು ಹೋದ ತೇವದಲ್ಲಿ ಒಂದಷ್ಟು ಮರಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆಲೆ ಬೀಳುವ ತಿಂಗಳೂ ಬಿಸಿಲಿರುವ ತಿಂಗಳೂ ಒಂದೇ ಆಗಿರಬೇಕಿಲ್ಲ. ಮಳೆಗಾಲದಲ್ಲಿ ಮಾಲು ಸುರಿಯಿತು ಅಂದರೆ ನಿಮ್ಮ ಸೌರ ಡ್ರೈಯರ್ ಬರೀ ಪೆಟ್ಟಿಗೆ. ಒಂದು ಪೂರ್ತಿ ಹಂಗಾಮು ನೋಡದೆ ಈ ಪಾಠ ಸಿಗದು.

ಆರು ನಿಮಿಷದಲ್ಲಿ ಇದನ್ನೆಲ್ಲ ಹೇಳುವುದು ಹೇಗೆ?

ಎಲ್ಲವನ್ನೂ ಹೇಳುವುದಿಲ್ಲ. ಈ ಸ್ಪರ್ಧೆಗಳಲ್ಲಿ ಮಾತಿಗೆ ನಾಲ್ಕರಿಂದ ಆರು ನಿಮಿಷ, ಪ್ರಶ್ನೆಗೆ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ. ಸಮಸ್ಯೆಗೆ ಒಂದು ನಿಮಿಷ ಮೀರಬಾರದು. ಹಸಿವು, ಬಡತನ ಇದೆ ಎಂದು ತೀರ್ಪುಗಾರರಿಗೆ ಗೊತ್ತು. ನಿಮ್ಮ ಪರಿಹಾರ ಹೇಗೆ ನಡೆಯುತ್ತದೆ, ಯಾರು ದುಡ್ಡು ಕೊಡುತ್ತಾರೆ, ಒಂದು ಘಟಕದ ಲೆಕ್ಕ, ಇಲ್ಲಿವರೆಗೆ ಮಾಡಿದ್ದೇನು – ಇವಕ್ಕೆ ನಾಲ್ಕು ನಿಮಿಷ. ಹಣ ಬಂದರೆ ಮುಂದಿನ 12 ತಿಂಗಳಲ್ಲಿ ಏನು ಮಾಡುತ್ತೀರಿ ಎಂಬುದಕ್ಕೆ ಉಳಿದದ್ದು. ಸ್ಲೈಡು ಹತ್ತು ಸಾಕು. ಉಳಿದವನ್ನು ಕೊನೆಯಲ್ಲಿ ಅನುಬಂಧವಾಗಿ ಇಟ್ಟುಕೊಳ್ಳಿ. ಪ್ರಶ್ನೆ ಬಂದ ತಕ್ಷಣ ಆ ಸ್ಲೈಡ್ ತೆರೆದರೆ ಅದರ ಪರಿಣಾಮವೇ ಬೇರೆ. ವಿಡಿಯೊ ಹಾಕಬೇಡಿ, ಅದು ಓಡದಿರಲು ಆರಿಸಿಕೊಳ್ಳುವುದು ವೇದಿಕೆಯನ್ನೇ.

ನಾಲ್ವರೂ ಸರದಿಯಲ್ಲಿ ಮಾತಾಡಲೇಬೇಕೆಂಬ ನಿಯಮ ಇಲ್ಲದಿದ್ದರೆ ಇಬ್ಬರು ಮಾತಾಡಿ, ಪ್ರಶ್ನೆಗೆ ಎಲ್ಲರೂ ನಿಲ್ಲಿ. ಯಾವ ಪ್ರಶ್ನೆಗೆ ಯಾರು ಉತ್ತರಿಸುವುದು ಎಂದು ಮೊದಲೇ ಹಂಚಿಕೊಳ್ಳಿ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಬಾಲಂಗೋಚಿ ಸೇರಿಸಿದರೆ ತಂಡದೊಳಗೆ ಒಮ್ಮತವಿಲ್ಲ ಎಂದು ಓದಿಕೊಳ್ಳುತ್ತಾರೆ.

ಕನ್ನಡ ಮಾಧ್ಯಮದವರು ನಾವು. ಇಂಗ್ಲಿಷ್ ತೊಡಕಾಗುವುದಿಲ್ಲವೇ?

ಉಚ್ಚಾರಣೆಗೆ ಯಾರೂ ಅಂಕ ಕಳೆಯುವುದಿಲ್ಲ. ತೊಡಕಾಗುವುದು ಸಂಖ್ಯೆಯಲ್ಲಿ. ನಮ್ಮ ತಲೆ ಲಕ್ಷ, ಕೋಟಿಯಲ್ಲಿ ಓಡುತ್ತದೆ, ಎದುರಿಗೆ ಕೂತವರದು ಮಿಲಿಯನ್, ಬಿಲಿಯನ್‌ನಲ್ಲಿ. 10 ಲಕ್ಷ ಒಂದು ಮಿಲಿಯನ್, 1 ಕೋಟಿ ಹತ್ತು ಮಿಲಿಯನ್, 100 ಕೋಟಿ ಒಂದು ಬಿಲಿಯನ್. ಗಾಬರಿಯಲ್ಲಿ ಒಂದು ಸೊನ್ನೆ ಜಾರಿದರೆ ಇಡೀ ಲೆಕ್ಕದ ಮೇಲಿನ ನಂಬಿಕೆ ಜಾರುತ್ತದೆ. ಸ್ಲೈಡಿನಲ್ಲಿ ಅಲ್ಪವಿರಾಮದ ಜಾಗವನ್ನೂ ನೋಡಿ: ನಮ್ಮ 1,00,00,000 ಅವರಿಗೆ 10,000,000. ರೂಪಾಯಿಯ ಪಕ್ಕ ಡಾಲರ್ ಮೊತ್ತವನ್ನೂ ಬರೆಯಿರಿ. ಪದಗಳ ಲೆಕ್ಕವೂ ಇರಲಿ. ನಿಮಿಷಕ್ಕೆ 120-130 ಪದ ಮೀರಿದರೆ ಉಸಿರು ಸಿಕ್ಕುವುದಿಲ್ಲ.

ಐಡಿಯಾ ಕದ್ದುಬಿಟ್ಟರೆ?

ಸ್ಪರ್ಧೆಯಲ್ಲಿ ಹೇಳಿದ್ದು ಗುಟ್ಟಾಗಿ ಉಳಿಯುವುದಿಲ್ಲ ಎಂದೇ ತಿಳಿಯಿರಿ. ವ್ಯಾಪಾರದ ಐಡಿಯಾಕ್ಕೆ ರಕ್ಷಣೆ ಇಲ್ಲ, ಬೇಕಾಗಿಯೂ ಇಲ್ಲ. ನಿಜವಾಗಿ ಹೊಸ ಸಾಧನವನ್ನೋ ವಿಧಾನವನ್ನೋ ಕಂಡುಹಿಡಿದಿದ್ದರೆ ಮಾತ್ರ ವೇದಿಕೆ ಹತ್ತುವ ಮೊದಲು ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿ. ಬಹಿರಂಗವಾಗಿ ತೋರಿಸಿದ ಮೇಲೆ ಅದು ‘ಹೊಸದು’ ಎಂಬ ಹಕ್ಕು ಕಳೆದುಹೋಗಬಹುದು. ತಾತ್ಕಾಲಿಕ ಅರ್ಜಿಯ ನಂತರ ಪೂರ್ಣ ವಿವರಣೆ ಸಲ್ಲಿಸಲು 12 ತಿಂಗಳ ಅವಕಾಶವಿದೆ. ಕಾಲೇಜಿನ ಲ್ಯಾಬ್, ಅನುದಾನ ಬಳಸಿದ್ದರೆ ಹಕ್ಕಿನಲ್ಲಿ ಕಾಲೇಜಿಗೂ ಪಾಲು ಇರಬಹುದು. ಬೌದ್ಧಿಕ ಆಸ್ತಿಯ ನಿಯಮಾವಳಿಯನ್ನು ಮಾರ್ಗದರ್ಶಕರಿಂದ ಕೇಳಿ ಪಡೆಯಿರಿ.

ಕಂಪನಿ ಯಾವಾಗ ನೋಂದಾಯಿಸಬೇಕು? ಟ್ರಸ್ಟ್ ಮಾಡಿದರೆ ಆಗದೇ?

ಕಾಲೇಜು ಸುತ್ತಿಗೆ ಬೇಡ. ನೋಂದಣಿ ಆದ ದಿನದಿಂದ ವಾರ್ಷಿಕ ದಾಖಲೆ, ಲೆಕ್ಕಪರಿಶೋಧಕರ ಶುಲ್ಕ ಎಲ್ಲ ಶುರು, ತಡವಾದರೆ ದಂಡ. ಮಾರಾಟ ನಿಂತ ನೀರಾಗಿಲ್ಲ ಎಂದು ಗೊತ್ತಾದ ಮೇಲೆ ಮಾಡಿ.

ಹೂಡಿಕೆ ಬೇಕೆಂದಿದ್ದರೆ ಪ್ರೈವೇಟ್ ಲಿಮಿಟೆಡ್. ಕನಿಷ್ಠ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು. ಸೇವೆಯ ಉದ್ದೇಶಕ್ಕೆಂದೇ ಇರುವ ಸೆಕ್ಷನ್ 8 ಕಂಪನಿ ಗಳಿಸಬಹುದು, ಆದರೆ ಲಾಭ ಹಂಚುವಂತಿಲ್ಲ. ಹೂಡಿಕೆದಾರರು ಅತ್ತ ಸುಳಿಯುವುದಿಲ್ಲ. ಟ್ರಸ್ಟ್, ಸೊಸೈಟಿಗಳು ದೇಣಿಗೆ ಹಾದಿಯವು. ವಿದೇಶದ ಹಣ ಬರುವ ಸಾಧ್ಯತೆ ಇದ್ದರೆ ಇನ್ನೂ ಜಾಗ್ರತೆ ಬೇಕು. ಟ್ರಸ್ಟ್ ಅಥವಾ ಸೆಕ್ಷನ್ 8 ಕಂಪನಿ ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು. ಕಂಪನಿಗೆ ವಿದೇಶಿ ಹೂಡಿಕೆ ಬಂದರೆ ಷೇರು ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ವರದಿ ಸಲ್ಲಿಸಬೇಕು. ಹಣ ಖಾತೆಗೆ ಬಿದ್ದ ಮೇಲೆ ಸಿಎ ಹುಡುಕುವುದಲ್ಲ, ಮೊದಲೇ ಮಾತಾಡಿ.

ಕ್ಯಾಂಪಸ್ ಪ್ಲೇಸ್‌ಮೆಂಟ್ ಬಂದು ಇಬ್ಬರು ಹೋಗಿಬಿಟ್ಟರೆ?

ಹೋಗೇ ಹೋಗುತ್ತಾರೆ. ಆದ್ದರಿಂದ ಷೇರನ್ನು ಮೊದಲ ದಿನವೇ ಸಮಪಾಲು ಮಾಡಿ ಕೊಟ್ಟುಬಿಡಬೇಡಿ. ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಸಿಗುವಂತೆ, ಮೊದಲ ವರ್ಷ ಮುಗಿಯುವ ಮೊದಲೇ ಬಿಟ್ಟವರಿಗೆ ಏನೂ ಇಲ್ಲದಂತೆ ಬರೆದುಕೊಳ್ಳಿ. ಕಂಪನಿ ಇನ್ನೂ ಇಲ್ಲದಿದ್ದರೂ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಬಹುಮಾನ ಬಂದರೆ ಅದು ಉದ್ಯಮದ್ದೋ, ತಲಾ ಹಂಚಿಕೊಳ್ಳುವುದೋ ಎಂಬ ಸಾಲು ಅದರಲ್ಲಿರಲಿ. ಸ್ನೇಹ ಕೆಟ್ಟ ಮೇಲೆ ಆ ಸಾಲನ್ನು ಬರೆಯಲಾಗುವುದಿಲ್ಲ.

ಸೋತರೆ ಮುಂದೇನು?

ಅದೇ ಕಡತ ಬೇರೆ ಕಡೆ ನಡೆಯುತ್ತದೆ. ಟಾಟಾ ಸಮೂಹ ಮತ್ತು ಕೋಲ್ಕತ್ತದ ಐಐಎಂ ಸೇರಿ ನಡೆಸುವ ಟಾಟಾ ಸೋಶಿಯಲ್ ಎಂಟರ್‌ಪ್ರೈಸ್ ಚಾಲೆಂಜ್ ಇದೆ. ವಸ್ತುವಿನ ಮಾದರಿ ಮಾಡಲು ಕೇಂದ್ರದ ನಿಧಿ-ಪ್ರಯಾಸ್‌ನಲ್ಲಿ 10 ಲಕ್ಷ ರೂ.ವರೆಗೆ, ಮಾನ್ಯತೆ ಪಡೆದ ಸ್ಟಾರ್ಟಪ್ ಆದರೆ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಐಡಿಯಾ ಸಾಬೀತುಪಡಿಸಲು 20 ಲಕ್ಷದವರೆಗೆ ಅನುದಾನ ಸಿಗಬಹುದು. ಎರಡಕ್ಕೂ ದಾರಿ ಇನ್‌ಕ್ಯುಬೇಟರ್ (ಹೊಸ ಉದ್ಯಮಗಳನ್ನು ಬೆಳೆಸುವ ಕೇಂದ್ರ) ಮೂಲಕ; ಈಗಲೂ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಅಲ್ಲೇ ವಿಚಾರಿಸಿ. ಸ್ಟಾರ್ಟಪ್‌ಗಳಿಗೆ ಅನುದಾನ ಕೊಡುವ ಕರ್ನಾಟಕ ಸರ್ಕಾರದ ಎಲಿವೇಟ್ ಇದೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಹತ್ತಿರ.

ಅರ್ಜಿ ಹಾಕುವ ಮೊದಲು ತೀರ್ಪುಗಾರರನ್ನು ಹುಡುಕಿ, ಯಾವ ಉತ್ತರದಲ್ಲಿ ನಂಬಿಕೆ ಕಳೆದುಕೊಂಡಿರಿ ಎಂದು ಕೇಳಿ. ‘ಇಂಪ್ರೂವ್ ಮಾಡಿ’ ಎಂಬ ಉತ್ತರ ಬಂದರೆ ಬಿಡಬೇಡಿ, ಯಾವ ಸ್ಲೈಡ್, ಯಾವ ಅಂಕಿ ಎಂದು ಕೇಳಿ ಬರೆದುಕೊಳ್ಳಿ. ಅದನ್ನು ಅದೇ ವಾರ ಮಂಡಿಗೋ ಹೋಟೆಲಿಗೋ ಹೋಗಿ ಪರೀಕ್ಷಿಸಿ ನೋಡಿ.